ಖಾರ, ಮಜ್ಜಿಗಿ, ಪಿನ್ನು

ಮಳಖೇಡದ ಅಂಬಮ್ಮನ ಕಣ್ಣು ಹಾಳಾದದ್ದು ನನ್ನಿಂದ. ಗುಳಿಗೆಯಿಂದ ಎಂದು ಬರೆದರೂ ಸುಳ್ಳಾಗುವುದಿಲ್ಲ — ಆದರೆ ಆ ಗುಳಿಗೆಯನ್ನು ಅಲ್ಲಿಗೇ ನಿಲ್ಲಿಸಬಹುದಾಗಿದ್ದ ದಿನ ಆಕೆ ಬಂದು ನಿಂತದ್ದು ನನ್ನ ಕೌಂಟರಿನ ಮುಂದೆ. ನಿಲ್ಲಿಸದೆ ಕಳಿಸಿದವನು ನಾನು. ಒಂದೇ ಒಂದು ಪದ ಹೇಳಿ ಕಳಿಸಿದೆ — ಗರ್ಮಿ.

ಇದನ್ನು ಓದಿ ನನ್ನ ಮೇಲೆ ಕನಿಕರಪಡುವವರಿದ್ದರೆ, ಬೇಡ. ಸಿಟ್ಟಾಗುವ ನನ್ನ ವೃತ್ತಿಯವರಿದ್ದರೆ, ಆಗಲಿ. ನಾನು ಹಿಂದೆ ಸರಿಯುವುದಿಲ್ಲ.

ಸೇಡಂ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನನ್ನದೊಂದು ಮೆಡಿಕಲ್ ಇದೆ. ಔಷಧಶಾಸ್ತ್ರ ಓದಿದ್ದು ಕಲಬುರಗಿಯಲ್ಲಿ. ಆ ಓದು ನನಗೆ ಕಲಿಸಿದ್ದು ಒಂದೇ, ಗುಮಾನಿ. ಯಾರು ಏನು ಹೇಳಿದರೂ ಪುರಾವೆ ಎಲ್ಲಿ ಎನ್ನುವುದು. ಪಪ್ಪಾಯಿ ಗರ್ಮಿ, ಅಂದರೆ ಉಷ್ಣ, ಹೆಸರುಬೇಳೆ ತಂಪು ಎಂದು ಅಮ್ಮ ಅಂದರೆ ವಾದಕ್ಕೆ ಕೂರುತ್ತಿದ್ದೆ.

"ಪಪ್ಪಾಯಿಗಿ ಥರ್ಮಾಮೀಟರ್ ಹಚ್ಚಿ ತೋರಸು ನೋಡಮು."

"ನಿನ್ನ ತಲಿಗಿ ಹಚ್ಕೋ ಮೊದಲ. ಭಾಳ ಗರ್ಮಿ ಅಲ್ಲೇ ಅದ," ಎನ್ನುತ್ತಿದ್ದಳು ಅಮ್ಮ.

ಅಂಥ ನಾನು ಕೌಂಟರಿನ ಹಿಂದೆ ನಿಂತ ಮೇಲೆ ದಿನಕ್ಕೆ ಹತ್ತು ಸಲ ಅದೇ ಪದ ಹೇಳತೊಡಗಿದೆ. ನಮ್ಮ ಕಡೆ ನೆಲಕ್ಕೂ ಹಾಸುಗಲ್ಲು, ಮಾಡಿಗೂ ಹಾಸುಗಲ್ಲು. ಬೇಸಿಗೆಯಲ್ಲಿ ಮನೆಯೇ ಹೆಂಚಾಗುತ್ತದೆ. ಬಾಯಿ ಹುಣ್ಣಾದರೆ ಗರ್ಮಿ, ಮೈಮೇಲೆ ಗುಳ್ಳೆ ಎದ್ದರೆ ಗರ್ಮಿ, ಉರಿಮೂತ್ರವಾದರೂ ಗರ್ಮಿ. ಜನ ಬಂದು, "ನಿಮ್ಮ ಗುಳಿಗಿ ಗರ್ಮಿ ಮಾಡ್ಯಾವರಿ" ಎನ್ನುತ್ತಿದ್ದರು. ಈಗ ಯೋಚಿಸಿದರೆ — ಔಷಧಿಯ ಅಡ್ಡಪರಿಣಾಮವನ್ನು ಅವರು ತಮ್ಮ ಮಾತಿನಲ್ಲಿ ವರದಿ ಮಾಡುತ್ತಿದ್ದರು. ಬಂದು, ನಿಂತು, ಬಾಯಿಬಿಟ್ಟು ವರದಿ ಮಾಡುತ್ತಿದ್ದರು. ನಾವು ಅದನ್ನು ಮಜ್ಜಿಗೆಯಲ್ಲಿ ಕದಡಿ ಅವರಿಗೇ ವಾಪಸು ಕೊಡುತ್ತಿದ್ದೆವು.

ಅಂಬಮ್ಮ ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆಗಳನ್ನು ಪದರ ಪದರ ಹಾಸಿ, ಅಕ್ಕಿಕಾಳಿನಷ್ಟು ಸಣ್ಣ ಹೊಲಿಗೆ ಹಾಕುವ ಕೈ ಆಕೆಯದು. ಗಂಡ ಕಾಗಿಣಾ ಹೊಳೆಯಲ್ಲಿ ಮೀನು ಹಿಡಿಯುತ್ತಿದ್ದ, ಉಳಿದ ದಿನ ಕೂಲಿ. ಆಕೆಗೆ ಎಡಗೆನ್ನೆಯಲ್ಲಿ ಕರೆಂಟ್ ಹೊಡೆದಂಥ ನೋವು. ಹಲ್ಲುನೋವು ಎಂದುಕೊಂಡು ಎರಡು ದವಡೆಹಲ್ಲು ಕೀಳಿಸಿಯೂ ಹೋಗದ ನೋವು. ಕೊನೆಗೆ ಒಬ್ಬ ಡಾಕ್ಟರರು ಮುಖದ ನರದ ತೊಂದರೆ ಎಂದು ಗುರುತಿಸಿ ಚೀಟಿ ಬರೆದರು. ಅವರು ಬರೆದದ್ದು ಸರಿಯಾಗಿಯೇ ಇತ್ತು. ನಾನು ಕೊಟ್ಟೆ. ನಾಲ್ಕು ದಿನದಲ್ಲಿ ನೋವು ನಿಂತಿತು. ಗಂಡನ ಕೈಯಲ್ಲಿ ನನಗೆಂದು ಮೀನು ಕಳಿಸಿದಳು. ನಮ್ಮದು ಲಿಂಗ ಕಟ್ಟುವ ಮನೆ. ಆತನಿಗೆ ಅದು ನೆನಪಾಗಿ, ನಕ್ಕು, ಬುಟ್ಟಿ ವಾಪಸು ಒಯ್ದ.

ಹದಿಮೂರನೆಯ ದಿನವೋ ಹದಿನಾಲ್ಕನೆಯ ದಿನವೋ ಆಕೆ ಮತ್ತೆ ಬಂದಳು. ತುಟಿ ಒಡೆದಿತ್ತು. ಕಣ್ಣು ಕೆಂಪಗಿತ್ತು. ಸೆರಗು ಸರಿಸಿ ಕುತ್ತಿಗೆ ತೋರಿಸಿದಳು, ಕೆಂಪು ಮಚ್ಚೆಗಳು. ಎಂಟು ವರ್ಷ ಆಯಿತು, ಒಂಬತ್ತೂ ಇರಬಹುದು — ಆ ಕುತ್ತಿಗೆ ಮಾತ್ರ ನನಗೆ ಸ್ಪಷ್ಟವಾಗಿ ನೆನಪಿದೆ.

"ಯಣ್ಣಾ, ಕಣ್ಣಾಗ ಖಾರಪುಡಿ ಬಿದ್ದಂಗ ಆಗಾಕತ್ತಾದ. ಗರ್ಮಿ ಏನ್ರಿ ಇದು?"

"ಹೌದಕ್ಕಾ, ಗರ್ಮಿ," ಎಂದೆ. "ಮಜ್ಜಿಗಿ ಕುಡೀರಿ."

ಬಾಯಿಹುಣ್ಣಿಗೆ ಬಿ-ಕಾಂಪ್ಲೆಕ್ಸ್ ಕೊಟ್ಟೆ. ಅಂಗಡಿಯಲ್ಲಿ ಜನ ಇದ್ದರು, ಹೌದು. ಸೆಖೆ ಇತ್ತು, ಹೌದು. ಇವು ಯಾವುವೂ ಕಾರಣಗಳಲ್ಲ. ಹೊಸದಾಗಿ ಶುರುವಾದ ಈ ಗುಳಿಗೆ, ಎರಡು ವಾರ, ತುಟಿ, ಕಣ್ಣು, ಮೈಮೇಲಿನ ಮಚ್ಚೆ — ಇದು ಪರೀಕ್ಷೆಯಲ್ಲಿ ನಾನೇ ಪುಟಗಟ್ಟಲೆ ಬರೆದು ಪಾಸಾದ ಪ್ರಶ್ನೆ.

ಇಲ್ಲಿಂದ ಮುಂದೆ ನನ್ನ ನೆನಪು ನಾನೇ ನಂಬಲಾಗದ ಸಾಕ್ಷಿ. ಇಷ್ಟು ವರ್ಷ ನನಗೆ ನೆನಪಿದ್ದದ್ದು ಹೀಗೆ: ಆಕೆ ಮೆಟ್ಟಿಲಿಳಿಯುವಾಗ ನಾನು ಕೂಗಿ ಹೇಳಿದೆ, "ಅಕ್ಕಾ, ಆ ನರದ ಗುಳಿಗಿ ಸದ್ಯಕ ಬಿಡ್ರಿ, ಡಾಕ್ಟರಿಗಿ ತೋರಸ್ರಿ." ಆಕೆ ತಲೆಯಾಡಿಸಿದ್ದೂ ನೆನಪಿತ್ತು. ಆ ತಲೆಯಾಡಿಸುವಿಕೆಯ ಮೇಲೆ ತಲೆಯಿಟ್ಟು ನಾನು ಇಷ್ಟು ವರ್ಷ ಮಲಗಿದೆ.

ಐದು ದಿನಗಳ ನಂತರ ಆಕೆಯನ್ನು ಕಲಬುರಗಿಗೆ ಒಯ್ದರು. ಚರ್ಮ ಸುಟ್ಟಂತೆ ಸುಲಿದಿತ್ತಂತೆ. ಬದುಕಿ ಬಂದಳು. ಕಣ್ಣೀರು ಮಾತ್ರ ಬತ್ತಿಹೋಗಿತ್ತು, ಕರಿಗುಡ್ಡೆಯ ಮೇಲೆ ಬಿಳಿಯ ಪೊರೆ ಉಳಿದಿತ್ತು. ಬೆಳಕು ಕಾಣುತ್ತದೆ, ಸೂಜಿಯ ಕಣ್ಣು ಕಾಣುವುದಿಲ್ಲ. ಕಾರಣ ಬರೆದಿದ್ದಿರಬಹುದಾದ ಆಸ್ಪತ್ರೆಯ ಕಾಗದಗಳನ್ನು ಗಂಡ ಬಸ್ಸಿನಲ್ಲಿ ಕಳೆದುಕೊಂಡಿದ್ದ. "ಗರ್ಮಿ ಮೈತುಂಬ ಒಡೀತ್ರಿ," ಎಂದ ನನ್ನ ಅಂಗಡಿಯಲ್ಲಿ ನಿಂತು. ನಾನು ಇಟ್ಟ ಹೆಸರು ಆ ಮನೆಯಲ್ಲಿ ಹಾಗೇ ಕೂತಿತ್ತು. ನಾನು ತಿದ್ದಲಿಲ್ಲ.

ಔಷಧಿಯ ಅಡ್ಡಪರಿಣಾಮವನ್ನು ಸರ್ಕಾರಕ್ಕೆ ತಿಳಿಸುವ ವರದಿಯ ನಮೂನೆ ತಂದದ್ದು ನಿಜ. ಅರ್ಧ ತುಂಬಿದ್ದೂ ನಿಜ. ಆಮೇಲೆ ನನ್ನ ಓದು ನನ್ನ ನೆರವಿಗೆ ಬಂತು. ಆಕೆ ಬೇರೆ ಏನಾದರೂ ತಿಂದಿದ್ದರೆ? ನಾಟಿ ಔಷಧಿ? ಜ್ವರ? ಒಂದರ ಹಿಂದೆ ಒಂದು ಬಂದ ಮಾತ್ರಕ್ಕೆ ಮೊದಲನೆಯದೇ ಕಾರಣವೇ? ಪುರಾವೆ ಎಲ್ಲಿ? — ಆ ನಮೂನೆ ಪುರಾವೆ ಕೇಳಿರಲೇ ಇಲ್ಲ. ಗುಮಾನಿ ಇದ್ದರೆ ಸಾಕು, ಬರೆಯಿರಿ ಎನ್ನುತ್ತಿತ್ತು. ಜಗತ್ತಿನ ಎಲ್ಲದರ ಮೇಲೂ ಗುಮಾನಿಪಟ್ಟ ನಾನು ಒಂದು ಗುಳಿಗೆಯ ಮೇಲೆ ಪಡಲಾರದೆ ಹೋದೆ. ಯಾಕೆಂದರೆ ಅಲ್ಲಿಂದ ಒಂದು ಹೆಜ್ಜೆ ಮುಂದೆ ನಾನೇ ಇದ್ದೆ. ನಮೂನೆ ಡ್ರಾಯರಿನ ತಳಕ್ಕೆ ಹೋಯಿತು.

ಈ ವರ್ಷ ಆಕೆಯ ಮಗಳು ಮಹಾದೇವಿ ಅಂಗಡಿಗೆ ಬಂದಳು. ಕೊಡ್ಲಿ ಎಂಬ ಊರಿಗೆ ಮದುವೆ ಮಾಡಿಕೊಟ್ಟ ಮಗಳು. ಎರಡು ಸಲ ಫಿಟ್ಸ್ ಬಂದಿತ್ತು, ಕಲಬುರಗಿಯಲ್ಲಿ ತೋರಿಸಿಕೊಂಡು ತವರಿಗೆ ಬಂದವಳು ಗುಳಿಗೆಗೆಂದು ಸೇಡಂವರೆಗೆ ಬಂದಿದ್ದಳು. ಚೀಟಿ ಚಾಚಿದಳು. ಅದೇ ಗುಳಿಗೆ.

ನನ್ನ ಕೈ ಕಪಾಟಿನವರೆಗೆ ಹೋಗಿ ನಿಂತಿತು.

"ಮನ್ಯಾಗ ಯಾರಿಗರೆ ಗುಳಿಗಿ ಆಗಿಬಂದಿಲ್ಲೇನು ಅಂತ ಡಾಕ್ಟರ್ ಕೇಳಿಲ್ಲೇನವಾ?"

"ಕೇಳ್ಯಾರ್ರಿ ಕಾಕಾ. ಯಾರಿಗೂ ಹಂಗ ಆಗಿಲ್ಲ ಅಂದೀನಿ. ನಮ್ಮವ್ವಗ ಆಗಿದ್ದು ಗರ್ಮಿ ಅಲ್ರೀ, ಗುಳಿಗಿದಲ್ಲ."

ತಾಯಿಗೆ ಆದದ್ದು ಮಗಳಿಗೂ ಆಗಲೇಬೇಕೆಂದಿಲ್ಲ. ಆಗಬಹುದು. ಆ "ಬಹುದು"ವನ್ನು ಡಾಕ್ಟರರಿಗೆ ತಲುಪದಂತೆ ತಡೆದದ್ದು ನನ್ನ ಪದ. ಆಕೆಯ ಎದುರಿಗೇ ಆ ಡಾಕ್ಟರರಿಗೆ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿದೆ. ಅವರು ಬೇರೆ ಗುಳಿಗೆ ಹೇಳಿದರು. "ಇಷ್ಟು ದಿನ ಎಲ್ಲಿದ್ರಿ ನೀವು?" ಎಂದರು. ಸೇಡಂನಲ್ಲೇ ಇದ್ದೆ, ಮಳಖೇಡಕ್ಕೆ ಇಷ್ಟು ಹತ್ತಿರ.

ಮರುದಿನ ಬೆಳಿಗ್ಗೆ ಮಳಖೇಡಕ್ಕೆ ಹೋದೆ. ಅಂಬಮ್ಮ ಹೊರಗಿನ ಕಟ್ಟೆಯ ಮೇಲೆ ಕೂತು ಕೌದಿಗೆ ಸೀರೆ ಹಾಸಿಕೊಡುತ್ತಿದ್ದಳು. ಹೊಲಿಯುವವಳು ಈಗ ನೆರೆಮನೆಯವಳು. ನಾನು ಹೇಳತೊಡಗಿದೆ. ಗುಳಿಗೆ ಬಿಡಿ ಎಂದು ಕೂಗಿದ್ದೆನಲ್ಲ ಎನ್ನುವಲ್ಲಿಗೆ ಬಂದಾಗ ಆಕೆ ಕೈಯೆತ್ತಿ ತಡೆದಳು. ಪಕ್ಕದ ತಗಡಿನ ಡಬ್ಬಿಯಲ್ಲಿ ತಡಕಾಡಿ ಒಂದು ಕಾಗದದ ಪಾಕೀಟು ತೆಗೆದಳು. ಸೂಜಿಗಳನ್ನು ಚುಚ್ಚಿಟ್ಟುಕೊಂಡಿದ್ದ ಪಾಕೀಟು. ನಾನು ಬಿ-ಕಾಂಪ್ಲೆಕ್ಸ್ ಹಾಕಿ ಕೊಟ್ಟದ್ದು. ಅದರ ಮೇಲೆ ನನ್ನದೇ ಅಕ್ಷರ: "ಇದು ಗರ್ಮಿಗೆ. ನರದ್ದು ಚಾಲೂ."

ಚಾಲೂ. ಮುಂದುವರಿಸಿ.

ನಾನು ಕೂಗಿರಲಿಲ್ಲ. ಅಥವಾ ಒಂದು ಬರೆದು ಇನ್ನೊಂದು ಕೂಗಿದೆನೋ — ಇಲ್ಲ, ಆ ದಾರಿ ನನಗೆ ಬೇಡ. ಆ ತಲೆಯಾಡಿಸುವಿಕೆಯನ್ನು ನಾನೇ ಹೊಲಿದುಕೊಂಡಿದ್ದೆ.

"ತಪ್ಪಾತಕ್ಕಾ," ಎಂದೆ.

"ತಪ್ಪು ಗಿಪ್ಪು ಆಮ್ಯಾಗ ನೋಡಮು. ಆ ಗುಳಿಗಿ ಹೆಸರೇನದ? ಅದು ಹೇಳ್ರಿ ಮೊದಲ."

"ಕಾರ್ಬಮಜೆಪಿನ್."

"ಖಾರ... ಖಾರಬ... ಇನ್ನೊಮ್ಮಿ."

ಇನ್ನೊಮ್ಮೆ ಹೇಳಿದೆ. ಆಮೇಲೆ ಬಿಡಿಸಿ ಬಿಡಿಸಿ ನಾಲ್ಕು ಸಲ ಹೇಳಿದೆ. ಆಕೆ ಪೊರೆಗಟ್ಟಿದ ಕಣ್ಣು ಮುಚ್ಚಿಕೊಂಡು ಬಾಯಲ್ಲಿ ಹೊರಳಿಸಿದಳು.

"ಖಾರ, ಮಜ್ಜಿಗಿ, ಪಿನ್ನು," ಎಂದಳು. "ಹಿಂಗ ಇಟ್ಕೋತೀನಿ. ಖಾರ ಕಣ್ಣಾಗ ಬಿತ್ತು. ಪಿನ್ನು, ಅಂದ್ರ ಸೂಜಿ, ಕೈ ಬಿಡ್ತು. ಮಜ್ಜಿಗಿ — ನೀವೇ ಹೇಳಿದ್ರಿ, ಅದು ಸಾಯತನಕಾ ಮರಿಯಂಗಿಲ್ಲ ತಗೋರಿ."

ನೆರೆಮನೆಯವಳು ನಕ್ಕಳು. ಅಂಬಮ್ಮನೂ ನಕ್ಕಳು. ಕ್ಷಮಿಸಿದೆ ಎನ್ನಲಿಲ್ಲ. ನಾನು ಕೇಳಲೂ ಇಲ್ಲ. ಅದನ್ನು ಕೇಳುವ ಹಕ್ಕು ನನಗಿಲ್ಲ.

ಹೊಸ ನಮೂನೆ ತುಂಬಿ ಕಳಿಸಿದ್ದೇನೆ. ಏನಾಯಿತು ವಿವರಿಸಿ ಎಂಬಲ್ಲಿ ಬರೆದೆ: ಲಕ್ಷಣ ಕಂಡ ಮೇಲೂ ಔಷಧಿ ಮುಂದುವರಿಸಲು ಅಂಗಡಿಯವನು ಬರೆದುಕೊಟ್ಟ, ಆ ಅಂಗಡಿಯವನು ನಾನು. ಸುದ್ದಿ ಹೇಗೋ ಹಬ್ಬಿತು. ಚಿತ್ತಾಪುರದ ಹಿರಿಯ ಅಂಗಡಿಕಾರರೊಬ್ಬರು ಫೋನ್ ಮಾಡಿದರು.

"ಏನ್ ಹುಚ್ಚ ಅದಿ ತಮ್ಮಾ, ನಿನ್ನ ಕೈಗಿ ನೀನೇ ಬೇಡಿ ಹಾಕ್ಕೋತಿ. ನಾಳಿ ಗಿರಾಕಿ ನಮ್ಮನ್ನ ನಂಬ್ತಾರೇನು?"

"ನಂಬಿದ್ದಕ್ಕೇ ಆಕಿ ಕಣ್ಣು ಹೋಗ್ಯಾವ್ರಿ ಕಾಕಾ. ಇನ್ನ ಸ್ವಲ್ಪ ಗುಮಾನಿ ಪಡ್ಲಿ," ಎಂದು ಫೋನ್ ಇಟ್ಟೆ. ವಿಚಾರಣೆ ಬಂದರೆ ಬರಲಿ. ಆ ಪಾಕೀಟು ಅಂಬಮ್ಮನ ಡಬ್ಬಿಯಲ್ಲೇ ಇದೆ. ಕೊಡಿ ಎಂದು ನಾನು ಕೇಳಲಿಲ್ಲ; ಕೇಳಿದ್ದರೂ ಆಕೆ ಕೊಡುತ್ತಿರಲಿಲ್ಲ.

ಮೊನ್ನೆ ಅಂಬಮ್ಮನ ಓಣಿಯ ಹೆಂಗಸೊಬ್ಬಳು ಚೀಟಿ ಹಿಡಿದು ಬಂದಳು. ಕೌಂಟರಿನ ಮೇಲೆ ಅದನ್ನು ಇಡುವ ಮೊದಲೇ ನನ್ನ ಮುಖವನ್ನು ನೆಟ್ಟ ನೋಟದಿಂದ ನೋಡುತ್ತ ಕೇಳಿದಳು: "ಇದರಾಗ ಖಾರಾ-ಮಜ್ಜಿಗಿ-ಪಿನ್ನು ಅದೇನ್ರಿ? ಅಂಬವ್ವ ಕೇಳೇ ತಗೋ ಅಂದಾಳ."

ಉಚ್ಚಾರ ತಪ್ಪು. ನಾನು ತಿದ್ದಲಿಲ್ಲ. ಚೀಟಿಯನ್ನು ಎರಡು ಸಲ ಓದಿ, ಇಲ್ಲ ಎಂದು ಉತ್ತರ ಕೊಟ್ಟೆ.