ಟೇಪಕ್ಕನ ಉಪ್ಪಿನ ಕಾವಲು

ಕೊರಳಲ್ಲಿ ಸದಾ ಅಳತೆಯ ಟೇಪು ನೇತಾಡುತ್ತಿದ್ದುದರಿಂದ ಬೀದಿಯವರೆಲ್ಲ ಆಕೆಯನ್ನು ಟೇಪಕ್ಕ ಎಂದೇ ಕರೆಯುತ್ತಿದ್ದರು. ಯಾರ ಸೊಂಟ ಎಷ್ಟು ಬೆಳೆಯಿತೆಂಬುದನ್ನು ಎದುರಿಗೇ ಹೇಳಿ ನಗಿಸುತ್ತಿದ್ದ ಆ ದರ್ಜಿ ಹೆಂಗಸು ಈಚೆಗೆ ನಗುವುದನ್ನೇ ಮರೆತಿದ್ದಳು. ಬೆಳಗಾದರೆ ಅವಳ ಟೇಪು ಮೊದಲು ಸುತ್ತುತ್ತಿದ್ದುದು ಗಂಡನ ಊದಿದ ಕಣಕಾಲಿಗೆ.

ಅವನ ಹೃದಯ ಸೋತಿದೆ, ಉಪ್ಪು ಹೆಚ್ಚಾದರೆ ಮೈಯಲ್ಲಿ ನೀರು ನಿಂತು ಉಸಿರಿಗೇ ಕುತ್ತು ಎಂದಿದ್ದರು ಡಾಕ್ಟರು. ಅಂದೇ ಟೇಪಕ್ಕ ಉಪ್ಪಿನ ಡಬ್ಬಿಯನ್ನು ಬಟ್ಟೆಯ ಕಪಾಟಿಗೆ ಸೇರಿಸಿ ಬೀಗ ಜಡಿದಳು. ಬ್ರೆಡ್ಡು, ಬಿಸ್ಕತ್ತು, ಪೊಟ್ಟಣದ ಸೂಪುಗಳಲ್ಲೂ ಉಪ್ಪು ಅಡಗಿರುತ್ತದೆಂದು ತಿಳಿದಾಗ ಅವನ್ನೂ ಮನೆಯಿಂದಾಚೆ ಹಾಕಿದಳು. ಆದರೂ ಊತ ಇಳಿಯಲಿಲ್ಲ. ಮಲಗಿದರೆ ಉಸಿರು ಸಿಗದೆ ಗಂಡ ದಿಂಬಿಗೊರಗಿ ಕೂರುತ್ತಿದ್ದ. ಆ ಏದುಸಿರು ಕೇಳಿದಾಗಲೆಲ್ಲ ಅವಳ ಜೀವ ಬಾಯಿಗೆ ಬರುತ್ತಿತ್ತು.

"ನಿಜ ಹೇಳಿ, ಅಂಗಡೀಲಿ ಕದ್ದು ಏನಾದ್ರೂ ತಿಂತಿದ್ದೀರಾ?"

"ನಿನ್ನ ಕಣ್ಣು ತಪ್ಪಿಸಿ ಈ ಮನೇಲಿ ಇಲಿ ಕೂಡ ಏನೂ ತಿನ್ನಲ್ಲ, ಮಾರಾಯ್ತಿ."

ಅವಳು ನಂಬಲಿಲ್ಲ. ಜೇಬು ತಡಕಿದಳು, ಶರ್ಟಿನ ತೋಳು ಮೂಸಿದಳು. ಪೊಲೀಸರೂ ಅಷ್ಟು ಜಾಲಾಡುವುದಿಲ್ಲ. ಅಪ್ಪನಿಗೆ ಗುಟ್ಟಾಗಿ ತಿಂಡಿ ಕೊಡುತ್ತೀಯಾ ಎಂದು ಮಗಳ ಮೇಲೂ ಹರಿಹಾಯ್ದಳು. ಅತ್ತುಕೊಂಡು ಹೋದ ಮಗಳು ಆಮೇಲೆ ಫೋನೂ ಎತ್ತಲಿಲ್ಲ.

ಒಂದು ಬೆಳಗ್ಗೆ ಅವನ ತುಟಿ ನೀಲಿಗಟ್ಟಿತು. ಆಸ್ಪತ್ರೆಯಲ್ಲಿ ಮೂಗಿಗೆ ಆಮ್ಲಜನಕದ ನಳಿಕೆ ಸಿಕ್ಕಿಸಿ ನರ್ಸು ಕೇಳಿದಳು, "ಊಟ ಬಿಟ್ಟು ಬೇರೇನು ತಗೋತಾರೆ?"

"ಏನಿಲ್ಲಮ್ಮ. ಸಪ್ಪೆ ಊಟ ಸೇರದೆ ಎದೆ ಉರಿ ಅಂತಾರೆ. ಅದಕ್ಕೆ ಪ್ರತಿ ಊಟ ಆದ್ಮೇಲೂ ನೀರಿಗೆ ಹಾಕಿದ್ರೆ ಬುಸುಬುಸು ಅನ್ನುತ್ತಲ್ಲ, ಆ ಮಾತ್ರೆ ಕೊಡ್ತೀನಿ."

ನರ್ಸು ಅದನ್ನು ಚೀಟಿಯಲ್ಲಿ ಬರೆದುಕೊಂಡಳು. "ಅಮ್ಮಾ, ಅದು ಬುಸುಗುಟ್ಟೋದೇ ಸೋಡಾದಿಂದ. ಉಪ್ಪಲ್ಲಿರೋ ಸೋಡಿಯಂ ಅದರಲ್ಲೂ ತುಂಬಾ ಇರುತ್ತೆ. ನಾಲಿಗೆಗೆ ಗೊತ್ತಾಗಲ್ಲ ಅಷ್ಟೆ."

 ಗಂಡ ಬೇಡವೆಂದರೂ ಗದರಿಸಿ, ಲೋಟದಲ್ಲಿ ಹನಿ ಉಳಿಯದ ಹಾಗೆ ಟೇಪಕ್ಕನೇ ಅದನ್ನು ಕುಡಿಸಿದ್ದಳು. ಈ ಮನುಷ್ಯ ಹೋದರೆ ನಾನೇ ಕೊಂದ ಹಾಗೆ ಎಂದು ಹೆದರಿ ಮಂಚದ ಸರಳನ್ನು ಬಿಗಿಯಾಗಿ ಹಿಡಿದುಕೊಂಡಳು.

ಸ್ವಲ್ಪ ಹೊತ್ತಿನ ಮೇಲೆ ನರ್ಸು ಲೋಟದಲ್ಲಿ ಔಷಧಿ ತಂದು ಕುಡಿಸಲು ಹೇಳಿದಳು. ಟೇಪಕ್ಕ ಲೋಟವನ್ನು ಬೆಳಕಿಗೆ ಹಿಡಿದು ನೋಡಿದಳು, ಮೂಸಿದಳು.

"ರೀ, ಇನ್ಮೇಲೆ ನಾನೇನು ಕೊಟ್ರೂ ಇದೇನು ಅಂತ ಕೇಳಿ ಕುಡೀರಿ," ಎಂದಳು.

"ನೀನು ಕೊಡೋದನ್ನ ಕೇಳೋದೇನಿದೆ," ಎಂದು ಅವನು ಕಣ್ಣು ಮುಚ್ಚಿ ಬಾಯಿ ತೆರೆದ.