ಗೋಡೆ ಮುಟ್ಟಿದರೆ ತೂಕದಕ್ಕ ಬಿಡುವುದಿಲ್ಲ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ಡಯಾಲಿಸಿಸ್ ವಿಭಾಗದ ಬಾಗಿಲಲ್ಲಿ ಆಯಾ ಒಬ್ಬರು ತೂಕದ ಯಂತ್ರ ಒರೆಸಿಟ್ಟು ಕಾಯುತ್ತಿದ್ದಾರೆ. ಒಳಗೆ ಹೋಗುವವರೆಲ್ಲ ಇವರೆದುರು ಚಪ್ಪಲಿ ಬಿಟ್ಟು, ಜೇಬು ಖಾಲಿ ಮಾಡಿ ಯಂತ್ರ ಹತ್ತಲೇಬೇಕು. ರೋಗಿಗಳ ಬಾಯಲ್ಲಿ ಇವರು ತೂಕದಕ್ಕ. ತಲೆ ಮೇಲೆ ತಲೆ ಬಿದ್ದರೂ ಇವರನ್ನು ದಾಟಿ ಹೋಗಲಾಗದು.

ಈಗ ಟೈಲರಣ್ಣನ ಸರದಿ. ಯಂತ್ರ ಹತ್ತಿದವರು ಆಯ ತಪ್ಪಿದಂತೆ ಮಾಡಿ ಎಡಗೈಯನ್ನು ಗೋಡೆಗೆ ಊರುತ್ತಾರೆ. ಮುಳ್ಳು ಐವತ್ತೈದಕ್ಕೆ ನಿಲ್ಲುತ್ತದೆ.

"ಟೈಲರಣ್ಣ, ಗೋಡೆ ಬೀಳಲ್ಲ. ನೀವು ಹಿಡ್ಕೋಬೇಡಿ."

"ತಲೆ ಸುತ್ತಿದ ಹಾಗಾಯ್ತು ಅಕ್ಕ."

"ನಿಮ್ಮ ಸುಳ್ಳು ಕೇಳಿ ನನಗೂ ಸುತ್ತುತ್ತೆ. ಕೈ ತೆಗೀರಿ."

ಕೈ ತೆಗೆದರೆ ಐವತ್ತೇಳೂವರೆ.

ತೂಕದಲ್ಲಿ ಮುಚ್ಚಿಡುವಂಥದ್ದೇನಿದೆ ಎಂದು ನಮಗೆ ಅನ್ನಿಸಬಹುದು. ಎರಡು ಮೂತ್ರಪಿಂಡಗಳು ಹಗಲೂ ರಾತ್ರಿ ರಕ್ತ ಸೋಸಿ, ಹೆಚ್ಚಿನ ನೀರು, ಉಪ್ಪು, ಕಸವನ್ನೆಲ್ಲ ಹೊರಗೆ ಕಳಿಸುತ್ತಿರುವವರೆಗೆ ನಾವು ಅವುಗಳ ಹೆಸರನ್ನೂ ಎತ್ತುವುದಿಲ್ಲ. ಅವು ಕೈಚೆಲ್ಲಿ ಕೂತಾಗ ಆ ಕೆಲಸಕ್ಕೆ ಯಂತ್ರ ಬೇಕು. ಇಲ್ಲಿಗೆ ಬರುವ ಹೆಚ್ಚಿನವರಿಗೆ ಮೂತ್ರವೇ ಬರುವುದಿಲ್ಲ. ಕುಡಿದ ನೀರು ಒಳಗೇ ಉಳಿದು ಪಾದ ಊದುತ್ತದೆ, ಆಮೇಲೆ ಶ್ವಾಸಕೋಶಕ್ಕೆ ತುಂಬಿ ಉಸಿರು ಕಟ್ಟುತ್ತದೆ. ಎಷ್ಟು ನೀರು ತೆಗೆಯಬೇಕೆಂದು ತಿಳಿಯುವುದು ತೂಕದಿಂದ. ಬೇಗ ಬೇಗ ಹೆಚ್ಚು ತೆಗೆದರೆ ಕಾಲು ಸೆಳೆಯುತ್ತದೆ. ಹೊಲಿಗೆ ಯಂತ್ರ ತುಳಿದು ಬದುಕುವ ಟೈಲರಣ್ಣನಿಗೆ ಅದರದೇ ಭಯ. ತೂಕ ಕಡಿಮೆ ತೋರಿದರೆ ನೀರೂ ಕಡಿಮೆ ತೆಗೆಯುತ್ತಾರಲ್ಲ.

ಮುಂದಿನ ತಿಂಗಳು ಅವರಿಗೆ ಅವರ ದೊಡ್ಡಕ್ಕ ತನ್ನದೊಂದು ಕಿಡ್ನಿ ಕೊಡಲಿದ್ದಾರೆ. ಎದೆಯಲ್ಲಿ ನೀರು ನಿಂತರೆ ಆಪರೇಷನ್ ಮುಂದಕ್ಕೆ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಅಷ್ಟು ಗೊತ್ತಿದ್ದೂ ಈ ಮನುಷ್ಯ ಗೋಡೆ ಹಿಡಿಯುತ್ತಾರಲ್ಲ, ಏನನ್ನೋಣ!

ತೂಕದಕ್ಕ ಈ ಗುಟ್ಟು ಕಲಿತದ್ದು ತಮ್ಮ ಯಜಮಾನರಿಂದ. ಅವರೂ ಇದೇ ವಿಭಾಗದ ರೋಗಿಯಾಗಿದ್ದರು. "ನಮ್ಮನೆಯವರೂ ಹೀಗೇ ಗೋಡೆ ಹಿಡೀತಿದ್ರು. ನಾನು ಪಕ್ಕದಲ್ಲೇ ಇರ್ತಿದ್ದೆ. ಪಾಪ, ಸೆಳೆತಕ್ಕೆ ಅಷ್ಟು ಒದ್ದಾಡ್ತಾರಲ್ಲ ಅಂತ ಬಾಯಿ ಬಿಡಲಿಲ್ಲ. ಒಂದಿನ ಮನೆಗೆ ಹೋದ್ಮೇಲೆ ಅವರಿಗೆ ಉಸಿರೇ ಸಿಗಲಿಲ್ಲ." ಅವರು ಹೋದ ಮೇಲೆ ತೂಕದಕ್ಕ ಈ ಕೆಲಸವನ್ನು ಕೇಳಿ ಪಡೆದರು. ಒಬ್ಬಳೇ ಮಗಳನ್ನು ಇದರಲ್ಲೇ ಓದಿಸುತ್ತಿದ್ದಾರೆ. ಕಣ್ಣೊರೆಸಿಕೊಂಡ ಮರುಕ್ಷಣವೇ ನಗುತ್ತಾರೆ: "ನಿಂತೂ ನಿಂತೂ ನನ್ನ ಪಾದಾನೂ ಊದುತ್ತೆ. ಅಕ್ಕ, ನೀವೂ ಬನ್ನಿ, ಒಳಗೆ ಜಾಗ ಇದೆ ಅಂತಾರೆ ಇವರೆಲ್ಲ."

ಟೈಲರಣ್ಣನನ್ನು ಅವರು ಬೈಯುವುದಿಲ್ಲ. ಜೊತೆಗೇ ಒಳಗೆ ಹೋಗಿ ಡಯಾಲಿಸಿಸ್ ಯಂತ್ರ ನಡೆಸುವ ಹುಡುಗಿಗೆ ಹೇಳುತ್ತಾರೆ: "ಇವರಿಗೆ ಸೆಳೆತದ ಹೆದರಿಕೆ ಕಣಮ್ಮ. ನಿಧಾನಕ್ಕೆ ತೆಗೆಯೋಕಾಗುತ್ತಾ, ಡಾಕ್ಟರನ್ನ ಕೇಳು." ಡಾಕ್ಟರು ಒಪ್ಪಿ ಒಂದು ಗಂಟೆ ಹೆಚ್ಚಿಸುತ್ತಾರೆ. ಅಂಗಡಿ ತೆರೆಯುವುದು ತಡವಾಯಿತೆಂದು ಟೈಲರಣ್ಣ ಮುಖ ಊದಿಸಿಕೊಂಡು ಮಲಗುತ್ತಾರೆ.

ಮಧ್ಯಾಹ್ನ ಎದ್ದು ಬಂದಾಗ ತೂಕ ಐವತ್ನಾಲ್ಕು, ಇರಬೇಕಾದಷ್ಟೇ. ಕಾಲು ಸೆಳೆದಿಲ್ಲ, ಉಸಿರು ಸರಾಗವಾಗಿದೆ. ಟೈಲರಣ್ಣನ ಸಿಟ್ಟೂ ಇಳಿದಿದೆ.

"ಅಕ್ಕ, ಆಪರೇಷನ್ ಆದ್ಮೇಲೆ ನಿಮಗೇನು ಹೊಲಿದುಕೊಡ್ಲಿ?"

"ಏನೂ ಬೇಡ. ಇಲ್ಲಿಗೇ ಬನ್ನಿ. ನನ್ನ ಕಣ್ಣೆದುರಿಗೆ ಒಂದು ಚೆಂಬು ನೀರು ಗಟಗಟ ಕುಡೀರಿ. ಆಮೇಲೆ ಬಾತ್‌ರೂಮಿಗೆ ಹೋಗಿ. ನಾನು ಹೊರಗೆ ನಿಂತಿರ್ತೀನಿ. ಆ ಸದ್ದು ಕೇಳಿದ್ರೆ ಸಾಕು ನನಗೆ."