ರೆಪ್ಪೆ ಅಕ್ಕನ ಬೋಳು ರೆಪ್ಪೆ

ಬೆಳಕು ಹರಿಯುವ ಹೊತ್ತು. ಗೊಂಬೆ ಕಾರ್ಖಾನೆಯ ಉದ್ದನೆಯ ಕೋಣೆಯಲ್ಲಿ ಗೊಂಬೆಗಳೆಲ್ಲ ಕಣ್ಣು ಮುಚ್ಚಿ ಅಂಗಾತ ಮಲಗಿವೆ. ಎಲ್ಲರೂ ರೆಪ್ಪೆ ಅಕ್ಕ ಎಂದು ಕರೆಯುವ ಹೆಂಗಸು ಕಿಟಕಿಯ ಬೂದು ಬೆಳಕಿನಲ್ಲಿ ಒಂದನ್ನು ಎತ್ತಿ ಕೂರಿಸುತ್ತಾಳೆ. ಟಿಕ್ ಎಂದು ಕಣ್ಣು ತೆರೆಯುತ್ತದೆ. ಬೋಳುಗಣ್ಣು. ಅಂಟಿನಲ್ಲಿ ಅದ್ದಿದ ರೆಪ್ಪೆಗೂದಲನ್ನು ಚಿಮಟದಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಅಂಚಿಗೆ ಕೂರಿಸುತ್ತಾಳೆ. ಗೊಂಬೆ ಈಗಷ್ಟೇ ಕನಸಿನಿಂದ ಎದ್ದಂತಿದೆ.

"ರೆಪ್ಪೆ ಇಲ್ದಿದ್ರೆ ಪಾಪ, ಗಾಬರಿ ಬಿದ್ದ ಹಾಗಿರತ್ತೆ. ಈಗ ನೋಡಿ, ಸಮಾಧಾನ," ಎನ್ನುತ್ತಾಳೆ.

ದಿನಕ್ಕೆ ನೂರೈವತ್ತು ಗೊಂಬೆ. "ಮುನ್ನೂರು ಕಣ್ಣು! ಅತ್ತಿಗೇದೂ ಸೇರಿದ್ರೆ ಮುನ್ನೂರ ಎರಡು," ಎಂದು ಪಕ್ಕದ ಮೇಜಿನಲ್ಲಿ ಗೊಂಬೆಗಳ ತಲೆ ಬಾಚುವ ನಾದಿನಿ ಚುಚ್ಚುತ್ತಾಳೆ. ಅಕ್ಕ ನಗುತ್ತಾಳೆ. ಆಗ ಅವಳ ಬಲಗಣ್ಣಿನ ಮೇಲ್ರೆಪ್ಪೆ ತುಸು ತಡವಾಗಿ ಮಡಚಿಕೊಳ್ಳುತ್ತದೆ. ಅದರ ಅಂಚಿನಲ್ಲಿ ಒಂದು ಕೂದಲೂ ಇಲ್ಲ.

ಹೋದ ವರ್ಷ ಅಲ್ಲೊಂದು ಗಂಟು ಎದ್ದಿತ್ತು. ಅಕ್ಕಿಕಾಳಿನಷ್ಟು; ನೋವಿಲ್ಲ, ನವೆಯಿಲ್ಲ. ಕಣ್ಣುಕುಟಿಗೆ ಇರಬೇಕೆಂದು ಬಿಸಿಬಟ್ಟೆಯ ಶಾಖ ಕೊಟ್ಟಳು. ಇಳಿಯಲಿಲ್ಲ. ಆಮೇಲೆ ಅಲ್ಲಿನ ರೆಪ್ಪೆಗೂದಲು ಉದುರತೊಡಗಿತು. ಗೊಂಬೆಗಳಿಗೆಲ್ಲ ರೆಪ್ಪೆ ಕೊಡುವವಳ ಕಣ್ಣೇ ಬೋಳೆಂದರೆ ಮರ್ಯಾದೆಯೇ? ಗೊಂಬೆಯ ರೆಪ್ಪೆಯನ್ನೇ ಕತ್ತರಿಸಿ ಅಂಟಿಸಿಕೊಂಡಳು. ಎಷ್ಟು ನಾಜೂಕೆಂದರೆ ಮನೆಯವರಿಗೂ ಸುಳಿವು ಹತ್ತಲಿಲ್ಲ. ಆಸ್ಪತ್ರೆಯ ನೂಕುನುಗ್ಗಲಲ್ಲಿ ಟಾರ್ಚ್ ಬಿಟ್ಟು ನೋಡಿದ ಡಾಕ್ಟರಿಗೂ ತುಂಬಿದ ರೆಪ್ಪೆಯೇ ಕಂಡಿತು. ಸಾಮಾನ್ಯ ಗಂಟೆಂದು ಮುಲಾಮು ಬರೆದುಕೊಟ್ಟರು.

ಒಂದು ಮಧ್ಯಾಹ್ನ ಶಾಖದ ಬಟ್ಟೆಗೆ ಅಂಟು ಕರಗಿತು.

"ಅತ್ತಿಗೆ, ಬಟ್ಟೆಗೆ ಗೊಂಬೆ ರೆಪ್ಪೆ ಹತ್ಕೊಂಡಿದೆ ನೋಡಿ."

"ಗೊಂಬೇದಲ್ಲ ಕಣೇ. ನಂದು."

ನಾದಿನಿ ಅವಳ ಗಲ್ಲ ಹಿಡಿದೆತ್ತಿ ನೋಡಿದಳು. "ಡಾಕ್ಟ್ರ ಮುಂದೆನೂ ಮೇಕಪ್ಪಾ? ಏಳಿ, ನಡೀರಿ!"

ಈ ಸಲ ಬೋಳುಗಣ್ಣನ್ನೇ ತೋರಿಸಿದಳು. ಡಾಕ್ಟರ ಮುಖ ಬದಲಾಯಿತು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ರೆಪ್ಪೆಯೊಳಗಿನ ಎಣ್ಣೆಗ್ರಂಥಿಯಲ್ಲಿ ಹುಟ್ಟಿದ ಕ್ಯಾನ್ಸರ್.

"ವಾಸಿಯಾಗದ ಗಂಟು, ಹೋದ ಜಾಗದಲ್ಲೇ ಮತ್ತೆ ಬರೋ ಗಂಟು, ಕೂದಲು ಉದುರಿಸೋ ಗಂಟು, ಇವನ್ನ ಸುಮ್ನೆ ಬಿಡಬಾರದಮ್ಮ," ಎಂದರು ಡಾಕ್ಟರು. "ಇನ್ನೂ ತಡವಾಗಿದ್ರೆ ಕಣ್ಣನ್ನೇ ತೆಗೀಬೇಕಾಗ್ತಿತ್ತು."

ಗಂಟಿದ್ದ ಭಾಗವನ್ನು ಕತ್ತರಿಸಿ, ಪಕ್ಕದ ಚರ್ಮ ಎಳೆದು ಹೊಸ ರೆಪ್ಪೆ ಕಟ್ಟಿದರು. "ಪಟ್ಟಿ ಬಿಚ್ಚೋ ದಿನ ನನ್ನ ಎತ್ತಿ ಕೂರಿಸಿದ್ರು," ಎನ್ನುತ್ತಾಳೆ ಅಕ್ಕ. "ಟಿಕ್ ಅಂತ ಸದ್ದು ಬರತ್ತೇನೋ ಅಂತ ಕಾದೆ. ಬರ್ಲಿಲ್ಲ. ಆದ್ರೆ ಕಿಟಕಿ ಕಾಣಿಸ್ತು."

ಈಗಲೂ ಆಗಾಗ ತಪಾಸಣೆಗೆ ಹೋಗಬೇಕು. ಅಂಟಿನ ಬಟ್ಟಲು ಮುಂದಿದೆ, ರೆಪ್ಪೆಗಳ ರಾಶಿ ಕೈಯಳತೆಯಲ್ಲಿದೆ. ನಾದಿನಿ ಇವತ್ತೂ ಕೆಣಕುತ್ತಾಳೆ, "ಒಂದೆಳೆ ಅಂಟಿಸ್ಕೊಳ್ಳಿ ಅತ್ತಿಗೆ, ಯಾರಿಗೂ ಗೊತ್ತಾಗಲ್ಲ."

"ಗೊತ್ತಾಗಲ್ಲ ಅಂತಾನೇ ಬೇಡ," ಎಂದು ಅಕ್ಕ ಮುಂದಿನ ಗೊಂಬೆಯನ್ನು ಎತ್ತಿ ಕೂರಿಸುತ್ತಾಳೆ.